ಆರ್‌ವಿ-7ಎ ವಿಮಾನವನ್ನು ಬಾಲಗಾಲಿಗೆ ಬದಲಿಸುವುದು: ಕೆಲಸದ ಕ್ರಮ, ಲೆಕ್ಕ, ಎಡವುವ ಜಾಗಗಳು

ಅಮೆರಿಕದ ಒರೆಗಾನ್‌ನಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಕೊಂಡವರೇ ಕಟ್ಟಿಕೊಳ್ಳುವ ತನ್ನ ಆರ್‌ವಿ-7 ವಿಮಾನದ ಕಿಟ್ಟನ್ನು ಎರಡು ರೂಪದಲ್ಲಿ ಕೊಡುತ್ತದೆ. ಹೆಸರಿನ ಕೊನೆಗೆ ‘ಎ’ ಇದ್ದರೆ ಮೂಗಿನ ಕೆಳಗೆ ಗಾಲಿ, ಇಲ್ಲದಿದ್ದರೆ ಬಾಲದ ಕೆಳಗೆ. ರೆಕ್ಕೆ, ಕ್ಯಾನೊಪಿ, ಎಂಜಿನ್ ಎಲ್ಲ ಒಂದೇ. ಹೀಗಾಗಿ 7ಎ ಕಟ್ಟಿ ಹಾರಿಸಿದವರು, ಇಲ್ಲವೇ ಯಾರೋ ಕಟ್ಟಿದ 7ಎ ಕೊಂಡವರು, ಹುಲ್ಲಿನ ಓಡುದಾರಿಗೆ ಇಳಿಸುವ ಆಸೆಯಿಂದ ಅದನ್ನು ಬಾಲಗಾಲಿಗೆ ಬದಲಿಸಲು ಹೊರಡುವುದುಂಟು. ಮೃದು ನೆಲದಲ್ಲಿ ಮೂಗಿನ ಕಾಲು ಮಡಚಿ ವಿಮಾನ ಅಂಗಾತ ಬಿದ್ದ ಪ್ರಕರಣಗಳು ‘ಎ’ ಮಾದರಿಗಳಲ್ಲಿ ಇರುವುದರಿಂದ ಆ ಆಸೆಗೆ ಕಾರಣವೂ ಇದೆ.

ಮುಂದಿನ ಗಾಲಿ ಕಿತ್ತು ಹಿಂದೆ ಒಂದು ಕೂರಿಸಿದರೆ ಆಯಿತು ಎಂದು ಹೊರನೋಟಕ್ಕೆ ಕಾಣುತ್ತದೆ. ಆದರೆ ಬದಲಾಗುವುದು ನೆಲದ ಪೆಟ್ಟು ವಿಮಾನದ ಮೈಯೊಳಗೆ ಇಳಿಯುವ ದಾರಿಯೇ. 7ಎ ಯಲ್ಲಿ ಮುಖ್ಯ ಕಾಲುಗಳು ಕ್ಯಾಬಿನ್ನಿನೊಳಗೆ, ಸ್ಪಾರ್ (ರೆಕ್ಕೆಯ ಮುಖ್ಯ ತೊಲೆ) ಹಾಯುವ ಬಲ್ಕ್‌ಹೆಡ್ಡಿಗೆ, ಅಂದರೆ ಮೈಯ ಅಡ್ಡಚೌಕಟ್ಟಿಗೆ, ಬೋಲ್ಟ್ ಮಾಡಿದ ಉಕ್ಕಿನ ಆಸರೆಗಳಲ್ಲಿ ಕೂತಿರುತ್ತವೆ. ಪೆಟ್ಟು ನೇರ ಸ್ಪಾರ್‌ಗೆ ಹೋಗುತ್ತದೆ. 7ರಲ್ಲಿ ಮುಖ್ಯ ಕಾಲುಗಳು ಎಂಜಿನ್ ಮೌಂಟಿನ (ಎಂಜಿನ್ ಹಿಡಿಯುವ ಉಕ್ಕಿನ ಕೊಳವೆಗಳ ಚೌಕಟ್ಟು) ಕೆಳಮೂಲೆಗಳಿಂದ ಹೊರಡುತ್ತವೆ. ಪೆಟ್ಟು ಮೌಂಟಿಗೆ, ಅಲ್ಲಿಂದ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ಮೂಲೆಗೆ, ಅಲ್ಲಿಂದ ಮೈಯ ಉದ್ದಕ್ಕೂ ಹೋಗುವ ಪಟ್ಟಿಯಾದ ಲಾಂಜೆರಾನ್‌ಗೆ. ಬಾಲದಲ್ಲಿ ಇದುವರೆಗೆ ನೆಲದ ಪೆಟ್ಟು ಕಾಣದಿದ್ದ ಕೊನೆಯ ಎರಡು ಬಲ್ಕ್‌ಹೆಡ್‌ಗಳು ಈಗ ಅದನ್ನೂ ಹೊರಬೇಕು. ಈ ಹೊಸ ದಾರಿಯ ಪ್ರತಿ ಕೂಡುಜಾಗವನ್ನೂ 7ರ ನಕ್ಷೆಯೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡುವುದೇ ಮೊದಲ ಕೆಲಸ. ಕೈಯಲ್ಲಿ 7ಎ ನಕ್ಷೆ ಮಾತ್ರ ಇದ್ದರೆ 7ರದ್ದನ್ನು ತರಿಸಿಕೊಳ್ಳದೆ ಒಂದು ರಿವೆಟ್ಟನ್ನೂ ಕೊರೆಯಬಾರದು.

ಬೇಕಾಗುವ ಸಾಮಾನು

ಬಾಲಗಾಲಿ ಮಾದರಿಯ ಎಂಜಿನ್ ಮೌಂಟ್ ಒಂದು. ಮೊದಲಿನಂತೆಯೇ ಅದೇ ಎಂಜಿನ್‌ಗೆ, ಅದೇ ಡೈನಾಫೋಕಲ್ ಕೋನಕ್ಕೆ (ಎಂಜಿನ್ ಹಿಡಿಯುವ ಬೋಲ್ಟುಗಳ ಓರೆ) ಹೊಂದುವಂಥದ್ದು. ಟೈಪ್ 1 ಅಂದರೆ 30 ಡಿಗ್ರಿ, ಟೈಪ್ 2 ಅಂದರೆ 18. ತುದಿಗೆ ಸಣ್ಣಗಾಗುತ್ತ ಹೋಗುವ ಉಕ್ಕಿನ ಸರಳಿನ ಮುಖ್ಯ ಕಾಲು ಎರಡು. ಈ ಸರಳುಕಾಲಿನ ಕಲ್ಪನೆ ಅಮೆರಿಕದ ವಿಮಾನ ವಿನ್ಯಾಸಕಾರ ಸ್ಟೀವ್ ವಿಟ್‌ಮನ್ ಅವರದು. ಅದಕ್ಕೂ ಮೊದಲು ಅವರು ಮಾಡಿದ್ದ ಚಪ್ಪಟೆ ಸ್ಪ್ರಿಂಗ್ ಕಾಲನ್ನು ಸೆಸ್ನಾ ವಿಮಾನ ಕಂಪನಿ ಪರವಾನಗಿ ಪಡೆದು ಬಳಸಿತು. ಬಾಲದ ಸ್ಪ್ರಿಂಗ್ ಸರಳು, ಅದನ್ನು ಹಿಡಿಯುವ ವೆಲ್ಡ್ ಮಾಡಿದ ಆಸರೆ, ಪೂರ್ತಿ ತಿರುಗಬಲ್ಲ ಬಾಲಗಾಲಿ, ಸ್ಟಿಯರಿಂಗ್ ಸ್ಪ್ರಿಂಗ್ ಮತ್ತು ಚೈನು. ಕಾಲುಗಳು ಹೊರಬರುವ ಜಾಗದ ಫೇರಿಂಗ್‌ಗಳು, ಅಂದರೆ ಗಾಳಿ ನಯವಾಗಿ ಹಾಯಲು ಹಾಕುವ ಹೊದಿಕೆಗಳು. ಎಂಜಿನ್ನಿನ ಹೊದಿಕೆಯಾದ ಕೌಲಿಂಗಿನ ಕೆಳಭಾಗ ಹೊಸದು ತರಿಸಿದರೆ ಕೆಲಸ ಚೊಕ್ಕ. ಹಳೆಯದನ್ನೇ ತಿದ್ದಿದರೆ ಮೂಗಿನ ಕಾಲಿನ ಸೀಳನ್ನು ಫೈಬರ್‌ಗ್ಲಾಸ್‌ನಿಂದ ಮುಚ್ಚಿ, ಹಿಂಬದಿಯ ಮೂಲೆಗಳಲ್ಲಿ ಎರಡು ಹೊಸ ಸೀಳು ತೆಗೆಯಬೇಕು. ನೆಲದ ತಗಡಿನ ತೇಪೆಗೆ 2024-ಟಿ3 ಆಲ್‌ಕ್ಲ್ಯಾಡ್ ಅಲ್ಯುಮಿನಿಯಂ ತಗಡು, 1/8 ಇಂಚಿನ ರಿವೆಟ್, ಪ್ರೈಮರ್. ವಿಮಾನಕ್ಕೆಂದೇ ಮಾಡುವ ಎಎನ್ ಬೋಲ್ಟ್‌ಗಳನ್ನು ಬೇಕಾದ ಉದ್ದಕ್ಕಿಂತ ಒಂದು ಹೆಜ್ಜೆ ಚಿಕ್ಕದು, ಒಂದು ಹೆಜ್ಜೆ ದೊಡ್ಡದು ಸೇರಿಸಿಯೇ ತರಿಸಿಡಿ. ಹೊಸ ಲಾಕ್‌ನಟ್ ಮತ್ತು ಕಾಟರ್ ಪಿನ್ ಧಾರಾಳವಾಗಿರಲಿ. ಎಂಜಿನ್ನಿನ ನಡುಕ ತಡೆಯುವ ಲಾರ್ಡ್ ಮೌಂಟಿನ ರಬ್ಬರು ಬಿರುಕು ಬಿಟ್ಟಿದ್ದರೆ ಎಂಜಿನ್ ಇಳಿದಿರುವ ಈಗಲೇ ಬದಲಿಸುವುದು ಲೇಸು.

ಮುಖ್ಯ ಗಾಲಿ, 5.00-5 ಟೈರು, ಬ್ರೇಕಿನ ಕ್ಯಾಲಿಪರ್, ಡಿಸ್ಕ್ ಎಲ್ಲ ಹಳೆಯವೇ ನಡೆಯುತ್ತವೆ. ಇನ್ನೊಂದು ಅನುಕೂಲವೆಂದರೆ, 7ಎ ಯ ಮೂಗುಗಾಲಿ ಪೆಡಲಿಗೆ ಜೋಡಿಸಿದ್ದಲ್ಲ, ತಾನೇ ತಿರುಗುವಂಥದ್ದು. ದಿಕ್ಕು ಬದಲಿಸಲು ಕಾಲ್ತುದಿಯ ಬ್ರೇಕುಗಳೇ ಆಧಾರ. ಹಾಗಾಗಿ ಪೆಡಲ್, ಮಾಸ್ಟರ್ ಸಿಲಿಂಡರ್, ರಡರ್ ಕೇಬಲ್ ಯಾವುದನ್ನೂ ಮುಟ್ಟಬೇಕಿಲ್ಲ. ಮೂಗುಗಾಲಿಯನ್ನು ಪೆಡಲಿಗೆ ಕಟ್ಟಿರುವ ಬೇರೆ ವಿಮಾನಗಳಲ್ಲಿ ಇದೇ ಅರ್ಧ ಕೆಲಸ ತಿನ್ನುತ್ತದೆ.

ಕಳಚುವ ಕ್ರಮ

ಇಲ್ಲಿ ಕ್ರಮ ತಪ್ಪಿದರೆ ವಿಮಾನ ಬೀಳುತ್ತದೆ. ಮೂಗುಗಾಲಿ ವಿಮಾನದ ಭಾರಕೇಂದ್ರ ಮುಖ್ಯ ಗಾಲಿಗಿಂತ ಸ್ವಲ್ಪವೇ ಮುಂದೆ ಇರುತ್ತದೆ. ಮುಂದಿನಿಂದ 120 ಕಿಲೋಗೂ ಮಿಕ್ಕಿದ ಎಂಜಿನ್ ಎತ್ತಿದ ಕೂಡಲೇ ಅದು ಗಾಲಿಯ ಹಿಂದಕ್ಕೆ ಸರಿದು, ಬಾಲ ನೆಲಕ್ಕೆ ಅಪ್ಪಳಿಸುತ್ತದೆ. ಆದ್ದರಿಂದ ಎಂಜಿನ್ನಿಗೆ ಕೈ ಹಚ್ಚುವ ಮೊದಲೇ ಬಾಲದ ಟೈಡೌನ್ ಕೊಂಡಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಕಟ್ಟಿರಬೇಕು. ಫೈರ್‌ವಾಲ್ ಹಿಂದೆ ಲಾಂಜೆರಾನ್‌ಗಳ ಕೆಳಗೆ, ತಗಡಿನ ಬಯಲಿಗೆ ಭಾರ ಬೀಳದಂತೆ, ಮೆತ್ತೆ ಹಾಕಿದ ಇನ್ನೊಂದು ಆಧಾರ ಬೇಕು; ಯಾಕೆಂದರೆ ಮೂಗಿನ ಕಾಲು ಹಳೆಯ ಮೌಂಟಿನ ಜೊತೆಗೇ ಹೋಗುತ್ತದೆ.

7ಎ ಯ ಮುಖ್ಯ ಕಾಲುಗಳನ್ನು ಮಾತ್ರ ಕೊನೆಯವರೆಗೂ ಬಿಚ್ಚಬೇಡಿ. ಹೊಸ ಮುಖ್ಯ ಕಾಲು ನಿಲ್ಲಲು ಹೊಸ ಮೌಂಟ್ ಬೇಕು. ಹಳೆಯ ಕಾಲು ಮೊದಲೇ ಬಿಚ್ಚಿದರೆ ವಾರಗಟ್ಟಲೆ ವಿಮಾನ ಮರದ ಕುದುರೆಗಳ ಮೇಲೆ ಕೂರುತ್ತದೆ. ಅದರ ಒಳಗೆ ಹತ್ತಿ ಇಳಿದು ಮಾಡಬೇಕಾದ ಕೆಲಸವೇ ಹೆಚ್ಚು. ಹಳೆಯ ಕಾಲು, ಹೊಸ ಕಾಲು ಎರಡೂ ಒಟ್ಟಿಗೇ ಇರಲು ಏನೂ ಅಡ್ಡಿಯಿಲ್ಲ. ಹೊಸ ಮೌಂಟ್, ಹೊಸ ಕಾಲು, ಎಂಜಿನ್, ಬಾಲಗಾಲಿ ನಾಲ್ಕೂ ಜಾಗದಲ್ಲಿ ಕೂತ ಮೇಲೆ ಜ್ಯಾಕ್ ಎತ್ತಿ ಹಳೆಯ ಕಾಲು ಎಳೆದುಕೊಳ್ಳಿ.

ಬ್ಯಾಟರಿ ಕಳಚಿ. ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಯಂತ್ರ) ಆಫ್ ಮಾಡುವ ತಂತಿಯಾದ ಪಿ-ಲೀಡ್ ವಿಷಯದಲ್ಲಿ ಎಚ್ಚರ ಬೇಕು. ಆ ತಂತಿ ಬಿಚ್ಚಿದರೆ ಮ್ಯಾಗ್ನೆಟೊ ಆಫ್ ಆಗುವುದಿಲ್ಲ, ಸದಾ ಜೀವಂತ ಆಗುತ್ತದೆ. ಸ್ವಿಚ್ ಆಫ್ ಸ್ಥಾನದಲ್ಲಿದ್ದರೂ ಪ್ರೊಪೆಲ್ಲರ್ ಒಂದು ಗೇಣು ತಿರುಗಿದರೆ ಎಂಜಿನ್ ಒದೆಯಬಹುದು. ಮೊದಲು ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್‌ಪ್ಲಗ್ ತೆಗೆದು, ಪ್ರೊಪೆಲ್ಲರ್ ಇಳಿಸಿ, ಆಮೇಲೆ ಪಿ-ಲೀಡ್ ಮುಟ್ಟಿ. ಥ್ರಾಟಲ್, ಮಿಕ್ಸ್‌ಚರ್, ಗವರ್ನರ್ ಕೇಬಲ್‌ಗಳು, ಇಂಧನ ಮತ್ತು ಎಣ್ಣೆಯ ಹೋಸ್‌ಗಳು, ಮ್ಯಾನಿಫೋಲ್ಡ್ ಒತ್ತಡದ ಕೊಳವೆ, ತಾಪಮಾಪಕಗಳ ತಂತಿ, ಸ್ಟಾರ್ಟರ್, ಆಲ್ಟರ್ನೇಟರ್, ಬ್ರೀದರ್, ಅರ್ಥಿಂಗ್ ಪಟ್ಟಿ ಇವೆಲ್ಲಕ್ಕೂ ಬಿಚ್ಚುವಾಗಲೇ ಚೀಟಿ ಕಟ್ಟಿ, ಎಲ್ಲ ಕೋನದಿಂದ ಫೋಟೊ ತೆಗೆದಿಡಿ. ಅರ್ಥಿಂಗ್ ಪಟ್ಟಿ ಮರೆತು ಹೋಯಿಸ್ಟ್ ಎಳೆಯುವುದು ಆಗಾಗ ಆಗುವ ತಪ್ಪು. ತೆರೆದ ಬಾಯಿಗಳಿಗೆಲ್ಲ ಮುಚ್ಚಳ ಹಾಕಿ. ಅಂಟುಪಟ್ಟಿ ಹಚ್ಚಿದರೆ ಅದರ ಗೋಂದು ಒಳಗೆ ಉಳಿಯುತ್ತದೆ.

ಹೊಸ ಮೌಂಟ್ ಕೂರಿಸುವುದು

ಹೊಸದಾಗಿ ಕಟ್ಟುವವರು ಫೈರ್‌ವಾಲಿನ ಸಣ್ಣ ಪೈಲಟ್ ರಂಧ್ರಗಳನ್ನು ಮೌಂಟಿನ ಪಾದಗಳಿಗೆ ಹೊಂದಿಸಿ ದೊಡ್ಡದು ಮಾಡಿಕೊಳ್ಳುತ್ತಾರೆ. ಬದಲಿಸುವವರಿಗೆ ಆ ಅವಕಾಶವಿಲ್ಲ. ಫೈರ್‌ವಾಲಿನಲ್ಲಿ ರಂಧ್ರಗಳು ಆಗಲೇ 3/8 ಇಂಚಿಗೆ ಕೊರೆದು ಮುಗಿದಿವೆ, ಹೊಸ ಮೌಂಟ್ ಇನ್ನೊಂದು ಜಿಗ್‌ನಲ್ಲಿ ವೆಲ್ಡ್ ಆಗಿ ಬಂದಿದೆ. ಎರಡೂ ಕೂದಲೆಳೆಯಷ್ಟೂ ತಪ್ಪದೆ ಕೂಡುವುದು ಅದೃಷ್ಟ.

ಮೌಂಟನ್ನು ಬೋಲ್ಟ್ ಇಲ್ಲದೆ ಫೈರ್‌ವಾಲಿಗೆ ಒತ್ತಿ ಹಿಡಿದು ಪ್ರತಿ ಪಾದದ ಕೆಳಗೆ ಸಂದು ಅಳೆಯುವ ಫೀಲರ್ ಗೇಜ್ ಆಡಿಸಿ ನೋಡಿ. ಆಮೇಲೆ ಮೊನಚು ತುದಿಯ ಡ್ರಿಫ್ಟ್ ಎರಡು ಮೂಲೆಗೆ ಕರ್ಣವಾಗಿ ತೂರಿಸಿ ಉಳಿದ ರಂಧ್ರಗಳನ್ನು ಕನ್ನಡಿ ಹಿಡಿದು ನೋಡಿ. ಎಲ್ಲ ಬೋಲ್ಟುಗಳೂ ಸಡಿಲವಾಗಿ, ಕೈಯಲ್ಲಿ ತಳ್ಳಿದರೆ ಅಥವಾ ಹಗುರವಾಗಿ ತಟ್ಟಿದರೆ ಹೋಗಬೇಕು. ಹೋಗದಿದ್ದರೆ ರಂಧ್ರವನ್ನು ಅರದಿಂದ ಉದ್ದ ಮಾಡಬಾರದು. ಅಂಡಾಕಾರದ ರಂಧ್ರದಲ್ಲಿ ಬೋಲ್ಟ್ ಅಂಚಿನ ಮೇಲಷ್ಟೇ ಭಾರ ಹೊರುತ್ತದೆ; 7ರಲ್ಲಿ ಇದೇ ಬೋಲ್ಟಿನ ಮೂಲಕ ಎಂಜಿನ್ನಿನ ಎಳೆತವೂ ಇಳಿಯುವಾಗಿನ ಪೆಟ್ಟೂ ಒಟ್ಟಿಗೆ ಹಾಯುತ್ತವೆ. ಹೊಂದದ ಮೌಂಟನ್ನು ಮಾಡಿದವರಿಗೇ ಕಳಿಸಿ ಸರಿ ಮಾಡಿಸಿಕೊಳ್ಳುವುದು ಸರಿಯಾದ ದಾರಿ, ತಡವಾದರೂ ಚಿಂತೆಯಿಲ್ಲ. ಪಾದ ಕೂರದೆ ಸಂದು ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆದು ಕೂರಿಸುವುದೂ ಅಷ್ಟೇ ಕೆಟ್ಟದ್ದು. ಮೌಂಟಿನ ಕೊಳವೆಯಲ್ಲಿ ಶಾಶ್ವತ ಬಿಗಿತ ಉಳಿದು, ಮುಂದೊಂದು ದಿನ ವೆಲ್ಡಿನ ಪಕ್ಕದಲ್ಲಿ ಸೀಳು ಏಳುತ್ತದೆ.

ಫೈರ್‌ವಾಲಿನ ಕೆಳಮೂಲೆಯ ಒಳಬದಿಯನ್ನು ಇಲ್ಲೇ 7ರ ನಕ್ಷೆಯೊಡನೆ ಹೋಲಿಸಬೇಕು: ಮೂಲೆಯ ಉಕ್ಕಿನ ಆಸರೆ, ಲಾಂಜೆರಾನ್‌ಗೆ ಅದನ್ನು ಹಿಡಿಯುವ ರಿವೆಟ್ ಮತ್ತು ಬೋಲ್ಟುಗಳ ಸಂಖ್ಯೆ, ನೆಲದ ತಗಡಿನ ಗಟ್ಟಿಪಟ್ಟಿ. ಕಟ್ಟಿದವರು ಯಾವುದಾದರೂ ರಿವೆಟ್ಟಿನ ಬದಲು ಒಂದೇ ಕಡೆಯಿಂದ ಎಳೆದು ಕೂರಿಸುವ ಪಾಪ್ ರಿವೆಟ್ ಹೊಡೆದಿದ್ದಾರೆಯೇ ನೋಡಿ. ‘ಎ’ ಮಾದರಿಯಲ್ಲಿ ಅದು ಹೇಗೋ ನಡೆದಿರಬಹುದು, ಇನ್ನು ನಡೆಯುವುದಿಲ್ಲ.

ಬಿಗಿತದ ಅಳತೆಗಳು: ಫೈರ್‌ವಾಲಿನ ಎಎನ್6 ಬೋಲ್ಟಿಗೆ 160ರಿಂದ 190 ಇಂಚು-ಪೌಂಡ್, ಅಂದರೆ ಸುಮಾರು 18ರಿಂದ 21 ನ್ಯೂಟನ್-ಮೀಟರ್. ಡೈನಾಫೋಕಲ್‌ನ ಎಎನ್7ಕ್ಕೆ 450ರಿಂದ 500 ಇಂಚು-ಪೌಂಡ್, ಅಂದರೆ 51ರಿಂದ 56 ನ್ಯೂಟನ್-ಮೀಟರ್. ಲಾಕ್‌ನಟ್ ತನ್ನ ಪಾಡಿಗೆ ತಿರುಗಲು ಎಷ್ಟು ಬಲ ಬೇಡುತ್ತದೋ ಅದನ್ನು ಮೊದಲು ಅಳೆದು ಮೇಲಿನ ಸಂಖ್ಯೆಗೆ ಕೂಡಿಸಬೇಕು. ಕೂಡಿಸದಿದ್ದರೆ ರೆಂಚ್ ಸದ್ದು ಮಾಡುತ್ತದೆ, ಬೋಲ್ಟ್ ಮಾತ್ರ ಸಡಿಲವೇ ಇರುತ್ತದೆ.

ಕಾಲಿನ ಮೇಲ್ತುದಿ ಮೌಂಟಿನ ಕೊಳವೆಯೊಳಗೆ ಹೋಗುತ್ತದೆ, ಒಂದು ಅಡ್ಡ ಬೋಲ್ಟ್ ಅದನ್ನು ಹಿಡಿಯುತ್ತದೆ. ಕೊಳವೆಯೊಳಗಿನ ಪೌಡರ್ ಕೋಟಿಂಗ್ ಕೆರೆದು, ಎರಡೂ ಮೈಗೆ ಗ್ರೀಸ್ ಸವರಿ ತೂರಿಸಿ. ಕಾಲು ಕೊಳವೆಯಲ್ಲಿ ಅಲುಗಾಡಿದರೆ, ಅಥವಾ ಬೋಲ್ಟ್ ರಂಧ್ರದಲ್ಲಿ ಸಡಿಲವಾಗಿದ್ದರೆ, ಬ್ರೇಕ್ ಒತ್ತಿದಾಗೆಲ್ಲ ಕಾಲು ಒಂದಿಷ್ಟು ತಿರುಚುತ್ತದೆ, ರಂಧ್ರ ದಿನದಿಂದ ದಿನಕ್ಕೆ ಹಿಗ್ಗುತ್ತದೆ. ರಂಧ್ರವನ್ನು ರೀಮರ್ ಹಾಕಿ ಬೋಲ್ಟಿಗೆ ಬಿಗಿಯಾಗಿ ಹೊಂದಿಸುವುದಕ್ಕೆ ತೆಗೆದುಕೊಂಡ ಸಮಯ ವ್ಯರ್ಥವಲ್ಲ.

ಗಾಲಿಯ ನೇರ

ಬಾಲಗಾಲಿ ವಿಮಾನದ ಸ್ವಭಾವ ನಿರ್ಧಾರವಾಗುವುದು ಇಲ್ಲಿ. ಭಾರಕೇಂದ್ರ ಮುಖ್ಯ ಗಾಲಿಗಳ ಹಿಂದಿರುವುದರಿಂದ ವಿಮಾನ ಒಮ್ಮೆ ಓರೆಯಾಯಿತೆಂದರೆ ಹಿಂದಿನ ತೂಕ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎಡಕ್ಕೆ ತಿರುಗಿದಾಗ ಬಲಗಾಲಿಯ ಮೇಲೆ ಭಾರ ಬೀಳುತ್ತದೆ. ಆ ಬಲಗಾಲಿ ಟೋ-ಇನ್ ಆಗಿದ್ದರೆ, ಅಂದರೆ ಮುಂಭಾಗ ಒಳಕ್ಕೆ ನೋಡುತ್ತಿದ್ದರೆ, ಅದು ಎಡಕ್ಕೇ ಓಡಲು ಬಯಸುತ್ತದೆ. ತಿರುವು ಬಿಗಿಯಾಗಿ ಗ್ರೌಂಡ್‌ಲೂಪ್ ಆಗುತ್ತದೆ, ಅಂದರೆ ವಿಮಾನ ನೆಲದ ಮೇಲೇ ಗಿರ್ರನೆ ಸುತ್ತುತ್ತದೆ. ಟೋ-ಔಟ್ ಇದ್ದರೆ ಭಾರ ಬಿದ್ದ ಗಾಲಿ ಹೊರಕ್ಕೆ ಎಳೆದು ತಿರುವನ್ನು ತಗ್ಗಿಸುತ್ತದೆ. ಆದ್ದರಿಂದ ಗುರಿ ಸೊನ್ನೆ, ತಪ್ಪಿದರೆ ಅರ್ಧ ಡಿಗ್ರಿಯೊಳಗೆ ಹೊರಕ್ಕೆ. ಒಳಕ್ಕೆ ಎಷ್ಟೂ ಬೇಡ. ಟೋ-ಔಟ್ ವಿಪರೀತವಾದರೆ ಟೈರು ಬೇಗ ಸವೆಯುತ್ತದೆ, ಓಡುವಾಗ ವಿಮಾನ ಅತ್ತಿತ್ತ ಹೊಯ್ದಾಡುತ್ತದೆ.

ಅಳೆಯುವ ವಿಧಾನ ಹೀಗೆ. ವಿಮಾನದ ಪೂರ್ತಿ ತೂಕ ಗಾಲಿಗಳ ಮೇಲಿರಲಿ, ಯಾಕೆಂದರೆ ಸರಳುಕಾಲು ಭಾರಕ್ಕೆ ಬಾಗಿದಂತೆ ಟೋ ಕೂಡ ಬದಲಾಗುತ್ತದೆ. ಪ್ರತಿ ಗಾಲಿಯ ಕೆಳಗೆ ನಡುವೆ ಗ್ರೀಸ್ ಸವರಿದ ಎರಡು ಅಲ್ಯುಮಿನಿಯಂ ಹಲಗೆ ಇಟ್ಟು, ವಿಮಾನವನ್ನು ಮೆಲ್ಲಗೆ ಅಲುಗಿಸಿ, ಟೈರಿನ ಬಿಗಿತ ಬಿಡಿಸಿ. ಫೈರ್‌ವಾಲಿನ ನಡುವಿನಿಂದಲೂ ಬಾಲದ ನಡುವಿನಿಂದಲೂ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸುಣ್ಣದ ದಾರದಿಂದ ನಡುಗೆರೆ ಹೊಡೆಯಿರಿ. ಬ್ರೇಕ್ ಡಿಸ್ಕಿಗೆ ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಅಡ್ಡಲಾಗಿ ಒತ್ತಿ, ಅದರ ಎರಡೂ ತುದಿಯಿಂದ ನಡುಗೆರೆಗೆ ಇರುವ ದೂರ ಅಳೆಯಿರಿ. ಒಂದು ಮೀಟರಿನಲ್ಲಿ 8.7 ಮಿಲಿಮೀಟರ್ ವ್ಯತ್ಯಾಸ ಎಂದರೆ ಅರ್ಧ ಡಿಗ್ರಿ. ಟೈರಿನ ಮೈಗೆ ಪಟ್ಟಿ ಒತ್ತಬಾರದು, ಅದು ಉಬ್ಬುತಗ್ಗು.

ಕೊರೆಯದ ಕಾಲು ಸಿಕ್ಕಿದ್ದರೆ ಅದನ್ನು ಕೊಳವೆಯಲ್ಲಿ ತಿರುಗಿಸಿ ಟೋ ಹೊಂದಿಸಿದ ಮೇಲಷ್ಟೇ ಅಡ್ಡ ರಂಧ್ರ ಕೊರೆಯಬೇಕು. ಈ ಒಂದು ರಂಧ್ರ ಜೀವಮಾನದ ಟೋ ನಿರ್ಧರಿಸುತ್ತದೆ. ಬಿಗಿಹಿಡಿಯುವ ಜಿಗ್ ಮತ್ತು ಡ್ರಿಲ್ ಬುಶಿಂಗ್ ಇಲ್ಲದೆ ಬರಿಗೈಯಲ್ಲಿ ಕೊರೆಯುವ ಕೆಲಸ ಅಲ್ಲ. ಕೊರೆದೇ ಬಂದ ಕಾಲಾದರೆ ಅಳೆದು ಬರೆದಿಡಿ. ತಪ್ಪಿದ್ದರೆ ಕಾಲನ್ನೇ ಬದಲಿಸಿಕೊಳ್ಳಬೇಕು.

ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಇರುವ ಅಂತರವನ್ನು ಬಾಲ ಎತ್ತಿ, ವಿಮಾನ ಸಮಮಟ್ಟದಲ್ಲಿ ಇರುವಾಗ ಅಳೆಯಿರಿ. ಅಮೆರಿಕದ ಹಳೆಯ ಭಾಗ 23 ನಿಯಮಗಳಲ್ಲಿ ಮೂಗುಗಾಲಿ ವಿಮಾನಕ್ಕೆ 7 ಇಂಚು, ಬಾಲಗಾಲಿಗೆ 9 ಇಂಚು ಎಂದಿತ್ತು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅದು ಕಡ್ಡಾಯವಲ್ಲದಿದ್ದರೂ ಆ 2 ಇಂಚು ಹೆಚ್ಚಳದ ಹಿಂದೆ ಕಾರಣವಿದೆ: ಗಾಲಿಗಳ ಮೇಲೆ ಇಳಿಸಿ ಬ್ರೇಕ್ ಒತ್ತಿದರೆ ಮೂಗು ಸಮಮಟ್ಟಕ್ಕಿಂತ ಕೆಳಗಿಳಿಯುತ್ತದೆ, ತಡೆಯಲು ಮುಂದೆ ಯಾವ ಗಾಲಿಯೂ ಇಲ್ಲ.

ಬಾಲದೊಳಗೆ

ರಡರ್ ಮತ್ತು ಎಲಿವೇಟರ್ ಬಿಚ್ಚಿ. ಬಾಲಗಾಲಿಯ ಸ್ಪ್ರಿಂಗ್ ಹಿಡಿಯುವ ಆಸರೆ ಕೊನೆಯ ಎರಡು ಬಲ್ಕ್‌ಹೆಡ್‌ಗಳಿಗೆ ಕೂರಬೇಕು, ಅಲ್ಲಿ ತಗಡು ಆಗಲೇ ಮುಚ್ಚಿದೆ. ಒಳಗೆ ತೆವಳಲು ಮೈ ಸಣ್ಣಗಿರುವವರೊಬ್ಬರು ಬೇಕು. ಅವರ ಭಾರ ಬಲ್ಕ್‌ಹೆಡ್‌ಗಳ ಮೇಲೆ ಹಂಚುವಂತೆ ಒಳಗೆ ಹಲಗೆ ಹಾಸಿ, ಬಾಲದ ಕೆಳಗೆ ಆಧಾರ ಹೆಚ್ಚಿಸಿ.

ರಿವೆಟ್ ತೆಗೆಯುವಾಗ ತಲೆಯ ನಡುವೆ ಗುರುತು ಕುಟ್ಟಿ, 1/8 ಇಂಚಿನ ರಿವೆಟ್ಟಿಗೆ 30 ನಂಬರಿನ, 3/32ಕ್ಕೆ 40 ನಂಬರಿನ ಬಿಟ್ಟಿನಿಂದ ತಲೆಯಷ್ಟೇ ಆಳ ಕೊರೆದು, ಪಂಚಿನಿಂದ ತಲೆ ಮುರಿದು, ಕಾಂಡವನ್ನು ತಟ್ಟಿ ಹೊರಹಾಕಿ. ಪೂರ್ತಿ ಆಳ ಕೊರೆದರೆ ಬಿಟ್ ಓರೆಯಾಗಿ ಒಳಗಿನ ತಗಡನ್ನೂ ಕಚ್ಚುತ್ತದೆ. ಹೊಸ ರಿವೆಟ್ ಅಂಚಿನಿಂದ ತನ್ನ ವ್ಯಾಸದ ಎರಡರಷ್ಟು ದೂರ ಇರಬೇಕು. ಕುಟ್ಟಿದ ಮೇಲೆ ಒಳತಲೆ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ: 1/8 ಇಂಚಿನದಾದರೆ 4.8 ಮಿಲಿಮೀಟರ್ ಅಗಲ, 1.6 ಎತ್ತರ. ಕೈ ತಲುಪದ ಕಡೆ ಪಾಪ್ ರಿವೆಟ್ ಹೊಡೆಯುವ ಮನಸ್ಸಾಗುತ್ತದೆ. ಬಾಲಗಾಲಿಯ ಭಾರ ಹೊರುವ ಸಾಲಿನಲ್ಲಿ ಅದು ಬೇಡ. ನಕ್ಷೆ ಒಪ್ಪುವ ಕಡೆ ಬೋಲ್ಟ್ ಹಾಕಿ.

ಸ್ಟಿಯರಿಂಗ್ ಚೈನನ್ನು ರಡರ್ ಕೊಂಬಿಗೂ ಬಾಲಗಾಲಿಯ ತೋಳಿಗೂ ಜೋಡಿಸುವಾಗ ಅದು ಸ್ವಲ್ಪ ಇಳಿಬಿದ್ದಿರಲಿ. ತಂತಿಯಂತೆ ಬಿಗಿದರೆ ಹಾರಾಟದಲ್ಲಿ ರಡರ್ ಮುಕ್ತವಾಗಿ ನಡುವಿಗೆ ಬರುವುದಿಲ್ಲ. ತೀರಾ ಸಡಿಲವಾದರೆ ಪೆಡಲ್ ಒತ್ತಿ ಒಂದು ಗಳಿಗೆ ಕಳೆದ ಮೇಲೆ ಬಾಲ ಕೇಳುತ್ತದೆ, ಆ ಒಂದು ಗಳಿಗೆಯಲ್ಲೇ ಅತಿಯಾಗಿ ಒತ್ತಿಬಿಡುವುದು. ರಡರನ್ನು ಎರಡೂ ಕೊನೆಗೆ ತಳ್ಳಿ, ಬಾಲ ಎತ್ತಿದ ಸ್ಥಿತಿಯಲ್ಲೂ ಇಳಿಸಿದ ಸ್ಥಿತಿಯಲ್ಲೂ ಚೈನು ಎಲ್ಲೂ ಸಿಕ್ಕಿಕೊಳ್ಳದೆ ಇರುವುದನ್ನು ನೋಡಿ. ತೆರೆದ ಕೊಕ್ಕೆಗಳಿಗೆಲ್ಲ ಸೇಫ್ಟಿ ವೈರ್ ಸುತ್ತಿ.

ಬಾಲಗಾಲಿ ತಿರುಗುವ ಕಂಬದ ಓರೆ ಬಹಳ ಮುಖ್ಯ. ವಿಮಾನ ನೆಲದ ಮೇಲೆ ಭಾರ ಹೊತ್ತು ನಿಂತಾಗ ಆ ಕಂಬ ನೆಟ್ಟಗಿರಬೇಕು ಅಥವಾ ಅದರ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು. ಮೇಲ್ತುದಿ ಮುಂದಕ್ಕೆ ವಾಲಿದರೆ ಗಾಲಿ ಥರಥರ ನಡುಗಿ ಬಾಲವನ್ನೇ ಅಲ್ಲಾಡಿಸುತ್ತದೆ. ಸ್ಪ್ರಿಂಗ್ ಸರಳು ಭಾರಕ್ಕೆ ಬಾಗಿದಂತೆ ಅಥವಾ ಒರಟು ಇಳಿತದಲ್ಲಿ ಶಾಶ್ವತವಾಗಿ ಬಾಗಿಹೋದರೆ ಕಂಬ ತಿರುಗುವುದು ಆ ಕೆಟ್ಟ ಕಡೆಗೇ. ಬಾಗಿದ ಸರಳನ್ನು ಕಾಯಿಸಿ ನೆಟ್ಟಗೆ ಮಾಡಲು ಹೋಗಬಾರದು, ಉಕ್ಕಿನ ಹದ ಹೋಗುತ್ತದೆ. ಹೊಸದು ಹಾಕಿ. ಈ ಓರೆಯನ್ನು ಖಾಲಿ ವಿಮಾನದಲ್ಲಿ ಅಲ್ಲ, ಇಬ್ಬರು ಕೂತು ಸಾಮಾನು ತುಂಬಿದ ಸ್ಥಿತಿಯಲ್ಲಿ ನೋಡಬೇಕು. ಯಾಕೆಂಬುದು ತೂಕದ ಲೆಕ್ಕದಲ್ಲಿ ಕಾಣುತ್ತದೆ.

ತೂಕ

ಮೂಗಿನ ಕಾಲು ಹೋದದ್ದು ಭಾರಕೇಂದ್ರವನ್ನು ಹಿಂದಕ್ಕೆ ತಳ್ಳುತ್ತದೆ, ಮುಖ್ಯ ಕಾಲುಗಳು ಮುಂದೆ ಬಂದದ್ದು ಮುಂದಕ್ಕೆ ಎಳೆಯುತ್ತದೆ, ಬಾಲಗಾಲಿ ಮತ್ತೆ ಹಿಂದಕ್ಕೆ. ಮೂರನ್ನೂ ಊಹಿಸಿ ಕೂಡಿ ಕಳೆಯುವುದು ಕೆಲಸಕ್ಕೆ ಬಾರದು, ಹೊಸದಾಗಿ ತೂಗಲೇಬೇಕು.

ತೂಗುವಾಗ ವಿಮಾನ ಸಮಮಟ್ಟದಲ್ಲಿರಬೇಕು, ಬಾಲಗಾಲಿ ಎತ್ತರದ ಸ್ಟ್ಯಾಂಡಿನ ಮೇಲಿನ ತಕ್ಕಡಿಯಲ್ಲಿ ಕೂರಬೇಕು. ಬಾಲ ನೆಲದಲ್ಲೇ ಇಟ್ಟು ತೂಗಿದರೆ ಎತ್ತರದಲ್ಲಿರುವ ಭಾರಕೇಂದ್ರ ಹಿಂದಕ್ಕೆ ವಾಲಿ, ಲೆಕ್ಕ ಹಲವು ಇಂಚು ತಪ್ಪುತ್ತದೆ. ಗಾಲಿಗಳ ಜಾಗವನ್ನು ನಕ್ಷೆಯಿಂದ ತೆಗೆದುಕೊಳ್ಳದೆ ರೆಕ್ಕೆಯ ಮುಂದಂಚಿನಿಂದ ತೂಗುಗುಂಡು ಬಿಟ್ಟು ಅಳೆಯಿರಿ. ಸ್ಟ್ಯಾಂಡಿನ ತೂಕ ಕಳೆಯಲು ಮರೆಯಬೇಡಿ.

ಆರ್‌ವಿ-7ರ ರೆಕ್ಕೆಯ ಅಗಲ 58 ಇಂಚು. ಭಾರಕೇಂದ್ರ ಅದರ ಶೇಕಡಾ 15ರಿಂದ 29ರೊಳಗೆ, ಅಂದರೆ ಮುಂದಂಚಿನಿಂದ 8.7ರಿಂದ 16.82 ಇಂಚು ಹಿಂದೆ ಇರಬೇಕು. ಲೆಕ್ಕದ ರೀತಿ ತೋರಿಸಲು ಒಂದು ಉದಾಹರಣೆ. ಸಂಖ್ಯೆಗಳನ್ನು ಪ್ರತಿಯೊಬ್ಬರೂ ತಮ್ಮ ವಿಮಾನದಿಂದಲೇ ತೆಗೆಯಬೇಕು. ಮುಖ್ಯ ಗಾಲಿಗಳು ಮುಂದಂಚಿಗಿಂತ 1.5 ಇಂಚು ಮುಂದೆ, ಬಾಲಗಾಲಿ 178 ಇಂಚು ಹಿಂದೆ ಎಂದಿಟ್ಟುಕೊಳ್ಳಿ. ಬಲಕ್ಕೆ 516, ಎಡಕ್ಕೆ 514, ಬಾಲಕ್ಕೆ 65 ಪೌಂಡ್ ಬಂತು. ಒಟ್ಟು 1,095. ಬಾಲದ ಮೊಮೆಂಟ್ (ತೂಕವನ್ನು ದೂರದಿಂದ ಗುಣಿಸಿದ್ದು) 11,570, ಮುಖ್ಯ ಗಾಲಿಗಳದು ಋಣ 1,545. ಉಳಿದ 10,025ನ್ನು ತೂಕದಿಂದ ಭಾಗಿಸಿದರೆ 9.16 ಇಂಚು. ಇದು ಖಾಲಿ ವಿಮಾನ.

170 ಪೌಂಡಿನ ಒಬ್ಬ ಪೈಲಟ್ 27 ಇಂಚಿನಲ್ಲಿ, ತುಂಬಿದ 42 ಗ್ಯಾಲನ್ ಇಂಧನ 10 ಇಂಚಿನಲ್ಲಿ ಕೂತರೆ 11.3ಕ್ಕೆ ಬರುತ್ತದೆ. ಇಬ್ಬರು ಸೇರಿ 360 ಪೌಂಡ್, 57 ಇಂಚಿನಲ್ಲಿ 100 ಪೌಂಡ್ ಸಾಮಾನು, ಇಂಧನ 5 ಗ್ಯಾಲನ್ ಮಾತ್ರ ಉಳಿದಿದೆ ಎಂದಾದರೆ 1,585 ಪೌಂಡಿಗೆ 16.24. ಮಿತಿಯೊಳಗಿದೆ. ಆದರೆ ಹುಲ್ಲಿಗೆ ಒಳ್ಳೆಯದೆಂದು 5 ಪೌಂಡ್ ಹೆಚ್ಚು ತೂಕದ ಗಾಳಿಟೈರಿನ ಬಾಲಗಾಲಿ ಹಾಕಿದಿರಿ ಎನ್ನಿ. ಅದೇ ಹೊರೆಗೆ ಭಾರಕೇಂದ್ರ 16.75ಕ್ಕೆ ಸರಿಯುತ್ತದೆ, ಮಿತಿಗೆ ಉಳಿಯುವುದು 0.07 ಇಂಚು. ಬಾಲದಲ್ಲಿ ತೂಕ ಕೂಡಿಸುವ ಯಾವ ಆಸೆಗೂ ಈ ಲೆಕ್ಕ ಮಾಡದೆ ಒಪ್ಪಬಾರದು. ಹಗುರ ಬಾಲಗಾಲಿಯೇ ಈ ವಿಮಾನಕ್ಕೆ ಸರಿ.

ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಬಾಲಗಾಲಿಯ ಮೇಲಿನ ಭಾರ ಸಿಗುತ್ತದೆ. ಖಾಲಿ ಇದ್ದಾಗ 65 ಪೌಂಡ್. ಒಬ್ಬರೇ ಕೂತು ಇಂಧನ ತುಂಬಿದಾಗ ಸುಮಾರು 108. ಆ ತುಂಬು ಹೊರೆಗೆ 157, ಎರಡು ಪಟ್ಟಿಗೂ ಹೆಚ್ಚು. ಬಾಲ ಇಳಿಸಿ ನಿಂತಾಗ ಇನ್ನೂ ಏರುತ್ತದೆ. ಖಾಲಿ ವಿಮಾನದಲ್ಲಿ ಚೆನ್ನಾಗಿ ಕಂಡ ಕಂಬದ ಓರೆ ಪ್ರಯಾಣಿಕ ಕೂತ ದಿನ ನಡುಗಲು ತೊಡಗುವುದು ಇದರಿಂದ.

ಮುಖ್ಯ ಗಾಲಿ ನೆಲ ಮುಟ್ಟುವ ಬಿಂದುವಿನಿಂದ ಭಾರಕೇಂದ್ರಕ್ಕೆ ಎಳೆದ ಗೆರೆ ಲಂಬದಿಂದ 16ರಿಂದ 25 ಡಿಗ್ರಿ ಹಿಂದಿರಬೇಕು ಎಂಬುದು ವಿನ್ಯಾಸಕಾರರ ರೂಢಿಯ ಅಳತೆ. ಭಾರಕೇಂದ್ರ ನೆಲದಿಂದ 45 ಇಂಚು ಎತ್ತರ ಎಂದುಕೊಂಡರೆ ಮೇಲಿನ ಉದಾಹರಣೆಯಲ್ಲಿ ಒಬ್ಬರೇ ಕೂತಾಗ 15.9, ತುಂಬು ಹೊರೆಗೆ 21.5 ಡಿಗ್ರಿ. ಕಡಿಮೆಯಾದಷ್ಟೂ ಬ್ರೇಕಿಗೆ ಮೂಗು ಮಗುಚುವ ಅಪಾಯ, ಹೆಚ್ಚಾದಷ್ಟೂ ಬಾಲ ಎದ್ದೇಳಲು ತಡ ಮತ್ತು ಗ್ರೌಂಡ್‌ಲೂಪ್ ಚಾಳಿ. ಒಬ್ಬರೇ ಹಾರುವಾಗ ಬ್ರೇಕಿಗೆ ಮೆತ್ತಗಿರಬೇಕು ಎಂಬುದು ಈ ಸಂಖ್ಯೆಯಲ್ಲೇ ಇದೆ.

ಉಳಿದ ಜೋಡಣೆಗಳು

ಕ್ಯಾಬಿನ್ನಿನ ಹಳೆಯ ಆಸರೆಗಳನ್ನು ತೆಗೆದರೆ ತೂಕವೂ ಉಳಿಯುತ್ತದೆ, ಕೂತವರ ಕಾಲಿಗೆ ಜಾಗವೂ ಸಿಗುತ್ತದೆ. ಆದರೆ ಸ್ಪಾರ್ ಬಲ್ಕ್‌ಹೆಡ್ಡಿನಲ್ಲಿ ಆಸರೆಯ ದಪ್ಪಕ್ಕೆ ತಕ್ಕಂತೆ ಇದ್ದ ಬೋಲ್ಟುಗಳು ಈಗ ಉದ್ದವಾಗುತ್ತವೆ. ನಟ್ಟು ಎಳೆಯ ಕೊನೆಗೆ ಬಂದು ನಿಂತು ಬಿಗಿಯಾದಂತೆ ತೋರಿಸುತ್ತದೆ, ತಗಡುಗಳು ಒಂದಕ್ಕೊಂದು ಒತ್ತಿರುವುದಿಲ್ಲ. ವಾಷರ್ ರಾಶಿ ಹಾಕುವುದು ಪರಿಹಾರವಲ್ಲ. 7ರ ನಕ್ಷೆ ಹೇಳುವ ಉದ್ದದ ಬೋಲ್ಟ್ ಹಾಕಬೇಕು. ರೆಕ್ಕೆಯ ಬೋಲ್ಟುಗಳ ನೆರೆಯಲ್ಲಿ ಕೆಲಸವಾದ್ದರಿಂದ ಒಮ್ಮೆಗೆ ಒಂದೇ ಬೋಲ್ಟ್ ತೆಗೆದು ಹಾಕಿ, ರೆಕ್ಕೆಯ ತುದಿಗೆ ಆಧಾರ ಕೊಟ್ಟಿರಿ. ಕಾಲು ಹೊರಬರುತ್ತಿದ್ದ ನೆಲದ ರಂಧ್ರಕ್ಕೆ ಒಳಗಿನಿಂದ ಗಟ್ಟಿ ಮಾಡುವ ಎರಡನೇ ತಗಡು (ಡಬ್ಲರ್), ಹೊರಗೆ ಸಮವಾಗಿ ಕೂರುವ ತುಂಡು. ಎಲ್ಲ ಮೂಲೆಗಳೂ ದುಂಡಗಿರಲಿ.

ಬ್ರೇಕಿನ ಕೊಳವೆ ಈಗ ನೆಲದಿಂದಲ್ಲ, ಫೈರ್‌ವಾಲ್ ಮೂಲಕ ಎಂಜಿನ್ ಕಡೆಗೆ ಬಂದು ಕಾಲಿನ ಬೆನ್ನಿಗೆ ಇಳಿಯುತ್ತದೆ. ಎಕ್ಸಾಸ್ಟ್ ಪಕ್ಕದಲ್ಲಿ ಹಾಯುವುದರಿಂದ ಉಕ್ಕಿನ ಜಾಲರಿಯ ಹೋಸ್, ಅದರ ಮೇಲೆ ಫೈರ್‌ಸ್ಲೀವ್ ಬೇಕೇ ಬೇಕು. ಪ್ಲಾಸ್ಟಿಕ್ ಕೊಳವೆ ಇಲ್ಲಿ ಸಲ್ಲದು. ದ್ರವ ತುಂಬುವಾಗ ಕ್ಯಾಲಿಪರ್ ಕಡೆಯಿಂದ ಮೇಲಕ್ಕೆ ಒತ್ತಿದರೆ ಗಾಳಿಗುಳ್ಳೆ ತಾನಾಗಿ ಹೊರಡುತ್ತದೆ. ಬಾಲಗಾಲಿಯಲ್ಲಿ ಒಂದು ಬ್ರೇಕ್ ಮೆತ್ತಗೆ, ಇನ್ನೊಂದು ಗಟ್ಟಿ ಇರುವುದು ನೇರ ಗ್ರೌಂಡ್‌ಲೂಪ್‌ಗೆ ಕರೆ.

ಹಗುರವಾಗಿ ಓಡುವಾಗ ಸರಳುಕಾಲುಗಳು ಹಿಂದೆಮುಂದೆ ನಡುಗುವ ರೋಗ ಆರ್‌ವಿಗಳಲ್ಲಿ ಹಳೆಯದು. ಕಾಲಿನ ಬೆನ್ನಿಗೆ ಗಟ್ಟಿಮರದ ಪಟ್ಟಿ ಇಟ್ಟು ಫೈಬರ್‌ಗ್ಲಾಸ್ ಸುತ್ತಿದರೆ ನಿಲ್ಲುತ್ತದೆ. ಅದಕ್ಕೆ ಮೊದಲು ಟೈರಿನ ಸಮತೋಲ ಮತ್ತು ಗಾಳಿಯ ಒತ್ತಡ ನೋಡಿ. ಕಾಲಿನ ಫೇರಿಂಗ್ ಮತ್ತು ವೀಲ್ ಪ್ಯಾಂಟ್ (ಗಾಲಿಯ ಹೊದಿಕೆ) ಹೊಂದಿಸುವಾಗ ವಿಮಾನವನ್ನು ಜ್ಯಾಕ್ ಮೇಲೆತ್ತಿ ಕಾಲು ಇಳಿಬಿಟ್ಟಿರಬೇಕು, ಹಾರಾಟದಲ್ಲಿ ಅದು ಇರುವುದು ಹಾಗೆ. ಫೇರಿಂಗ್ ಒಂದೆರಡು ಡಿಗ್ರಿ ಓರೆಯಾದರೂ ರಡರಿನಂತೆ ಕೆಲಸ ಮಾಡಿ ವಿಮಾನವನ್ನು ಒಂದು ಕಡೆಗೆ ಎಳೆಯುತ್ತದೆ.

ಎಣ್ಣೆಯ ಕಡ್ಡಿಗೆ ಬಾಲ ಇಳಿಸಿದ ಸ್ಥಿತಿಯಲ್ಲಿ ಹೊಸ ಗುರುತು ಹಾಕಿ. ಇಂಧನ ಮಾಪಕಕ್ಕೂ ಅದೇ ಸ್ಥಿತಿಯಲ್ಲಿ ಗ್ಯಾಲನ್ ಗ್ಯಾಲನ್ ತುಂಬಿ ಬೇರೆ ಪಟ್ಟಿ ಬರೆದಿಡಿ. ಹಾರಾಟದ ಪಟ್ಟಿ ಬೇರೆಯೇ ಇರಲಿ.

ಕಾಗದ ಮತ್ತು ಮೊದಲ ಓಟ

ಅಮೆರಿಕದಲ್ಲಿ ಎಕ್ಸ್‌ಪೆರಿಮೆಂಟಲ್ ವರ್ಗದ ಮನೆಯಲ್ಲಿ ಕಟ್ಟಿದ ವಿಮಾನದ ಮೇಲೆ ಯಾರು ಬೇಕಾದರೂ ಕೆಲಸ ಮಾಡಬಹುದು. ಆದರೆ ಇದು ದೊಡ್ಡ ಬದಲಾವಣೆ. ವಿಮಾನದ ಆಪರೇಟಿಂಗ್ ಲಿಮಿಟೇಶನ್ಸ್ (ಹಾರಾಟದ ಷರತ್ತುಗಳ ಪತ್ರ) ಹೇಳುವಂತೆ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ಸ್ಥಳೀಯ ಕಚೇರಿಗೆ ತಿಳಿಸಿ, ಪರೀಕ್ಷಾ ಪ್ರದೇಶದಲ್ಲಿ ಮತ್ತೆ ಪರೀಕ್ಷಾ ಹಾರಾಟ ಮಾಡಬೇಕು. ಸಾಮಾನ್ಯವಾಗಿ ಅದು ಕನಿಷ್ಠ 5 ಗಂಟೆ. ಹೊಸ ತೂಕದ ಪಟ್ಟಿ, ಲಾಗ್‌ಬುಕ್ಕಿನ ಬರಹ ಎರಡೂ ಇರಬೇಕು. ಪೈಲಟ್‌ಗೆ ಟೈಲ್‌ವೀಲ್ ಎಂಡಾರ್ಸ್‌ಮೆಂಟ್, ಅಂದರೆ ಬಾಲಗಾಲಿ ನಡೆಸಬಲ್ಲರೆಂದು ಬೋಧಕರ ಬರಹ, ಬೇಕು; 1991ರ ಏಪ್ರಿಲ್ 15ಕ್ಕಿಂತ ಮೊದಲು ಬಾಲಗಾಲಿ ವಿಮಾನವನ್ನು ಪೈಲಟ್ ಆಗಿ ನಡೆಸಿದವರಿಗೆ ಮಾತ್ರ ವಿನಾಯಿತಿ. ಅದನ್ನು ಈ ವಿಮಾನದಲ್ಲಿ ಕಲಿಯಬಾರದು, ಬೇರೊಂದರಲ್ಲಿ ಕಲಿತು ಬರಬೇಕು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ತರಬೇತಿ ವಿಮಾನಗಳಾದ ಎಚ್‌ಟಿ-2 ಮತ್ತು ಪುಷ್ಪಕ್ ಎರಡೂ ಬಾಲಗಾಲಿಯವೇ. ಅವುಗಳಲ್ಲಿ ಕಲಿತ ತಲೆಮಾರಿನವರಿಗೆ ಪೆಡಲಿನ ಮೇಲೆ ಕಾಲು ಸುಮ್ಮನಿರಬಾರದು ಎಂದು ಯಾರೂ ಬೇರೆ ಹೇಳಬೇಕಿರಲಿಲ್ಲ.

ಮೊದಲ ಟ್ಯಾಕ್ಸಿ ನಡಿಗೆಯ ವೇಗದಲ್ಲಿ, ಕೌಲಿಂಗ್ ಇಲ್ಲದೆ. ಎರಡೂ ಕಡೆ ಬ್ರೇಕ್ ಸಮವಾಗಿ ಹಿಡಿಯುತ್ತದೆಯೇ, ಬಾಲಗಾಲಿ ಸ್ಟಿಯರಿಂಗಿನಿಂದ ಬಿಟ್ಟುಕೊಂಡು ಸುತ್ತು ತಿರುಗಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆಯೇ ನೋಡಿ. ವೇಗದ ಟ್ಯಾಕ್ಸಿಯನ್ನು ಮತ್ತೆ ಮತ್ತೆ ಮಾಡುವುದರಲ್ಲಿ ಲಾಭಕ್ಕಿಂತ ಅಪಾಯ ಹೆಚ್ಚು. ಬಾಲ ಎತ್ತಿ ಇಳಿಸುವ ಆ ನಡುವಿನ ವೇಗದಲ್ಲೇ ರಡರ್ ಅತಿ ದುರ್ಬಲ.

ಮೊದಲ ಕೆಲವು ಇಳಿತಗಳಾದ ಮೇಲೆ ಕೌಲಿಂಗ್ ಬಿಚ್ಚಿ ಮೌಂಟಿನ ಪ್ರತಿ ವೆಲ್ಡ್ ಪಕ್ಕ ಬಣ್ಣ ಬಿರಿದಿದೆಯೇ, ಕಾಲಿನ ಅಡ್ಡ ಬೋಲ್ಟಿನಿಂದ ತುಕ್ಕುಬಣ್ಣದ ಗೀರು ಇಳಿದಿದೆಯೇ, ಫೈರ್‌ವಾಲಿನ ಕೆಳಮೂಲೆಯ ರಿವೆಟ್‌ಗಳ ಸುತ್ತ ಕಪ್ಪು ಮಸಿ ಕಾಣುತ್ತಿದೆಯೇ ನೋಡಿ. ಮಸಿ ಎಂದರೆ ರಿವೆಟ್ ಅಲುಗಾಡುತ್ತಿದೆ. ಬೋಲ್ಟುಗಳ ಬಿಗಿತ ಮತ್ತೆ ಪರೀಕ್ಷಿಸಿ, ಬಾಲದೊಳಗೆ ಟಾರ್ಚ್ ಹಿಡಿದು ಹೊಸ ಆಸರೆಯ ಸುತ್ತಲೂ ಇದನ್ನೇ ಮಾಡಿ. ಎಕ್ಸಾಸ್ಟ್ ಕೊಳವೆ ಬಿಸಿಗೆ ಹಿಗ್ಗಿ ಕಾಲಿನ ಕೊಳವೆಗೆ ತಾಗಿದ ಗುರುತಿದ್ದರೆ ಎಕ್ಸಾಸ್ಟ್ ತೂಗುಹಾಕಿದ ಹಿಡಿಕೆಯನ್ನು ಸರಿಸಿ, ಆಮೇಲೆ ಮುಂದಿನ ಹಾರಾಟ.